ಇಸವಿ ಕೇಳಬೇಡಿ, ಮಳೆ ಕೇಳಿ: ಮನೆಯ ಹಿರಿಯರ ನೆನಪು ದಾಖಲಿಸುವ ಬಗೆ

ತೊಂಬತ್ತರ ಹತ್ತಿರ ಬಂದಿರುವ ಅಜ್ಜಿಯನ್ನು ‘ನಿಮ್ಮ ಮದುವೆ ಯಾವ ಇಸವಿಯಲ್ಲಾಯಿತು?’ ಎಂದು ಕೇಳಿದರೆ ‘ಇಸವಿ ಗಿಸವಿ ನನಗ್ಯಾಕ ಗೊತ್ತಿರತೈತೆಪ್ಪ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದೇ ಅಜ್ಜಿಯನ್ನು ‘ಡ್ಯಾಮಿಗೆ ನೀರು ಬಿಟ್ಟಾಗ ನೀವು ತವರಾಗ ಇದ್ರೋ, ಇಲ್ಲಿಗೆ ಬಂದಿದ್ರೋ?’ ಎಂದು ಕೇಳಿ. ಬಂದಿದ್ದೆ, ಚೊಚ್ಚಲ ಬಸುರಿ, ಆರಿದ್ರ ಮಳೆ ಜಿಟಿಜಿಟಿ ಹಿಡಿದಿತ್ತು, ಹೊಳೆ ನೋಡಲಿಕ್ಕೆ ಗಾಡಿ ಕಟ್ಟಿದ್ದರು ಎಂದು ಅವರೇ ಶುರು ಮಾಡುತ್ತಾರೆ. ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟದ್ದು 1953ರ ಜುಲೈ ಮೊದಲ ದಿನಗಳಲ್ಲಿ. ಆರಿದ್ರ ಮಳೆ ನಡೆಯುವುದೂ ಆಗಲೇ. ಇಸವಿ ತಾನಾಗಿ ಸಿಕ್ಕಿತು. ಬಳ್ಳಾರಿ, ರಾಯಚೂರು, ಕೊಪ್ಪಳದ ಹಿರಿಯರ ನೆನಪಿಗೆ ಅದರದೇ ಕಾಲಗಣನೆ ಇದೆ. ಅದನ್ನು ಕಲಿಯದೆ ಮೊಬೈಲ್ ಹಿಡಿದು ಕೂತರೆ ಸಿಗುವುದು ತುಂಡು ಮಾತು ಮಾತ್ರ.

ಮೊದಲು ಕಾಲದ ಹಾಳೆ

ಮಾತಿಗೆ ಕೂರುವ ಮುನ್ನ ಅರ್ಧ ದಿನ ಕೊಟ್ಟು ಒಂದು ಹಾಳೆ ಸಿದ್ಧಮಾಡಿಕೊಳ್ಳಿ. ಎಡಕ್ಕೆ ಇಸವಿ, ಬಲಕ್ಕೆ ನಿಮ್ಮ ಊರಿನ ಬಾಯಲ್ಲಿ ಆ ಘಟನೆಗಿರುವ ಹೆಸರು.

ನಿಜಾಮರ ಹೈದರಾಬಾದಿಗೆ ಸೇರಿದ್ದ ರಾಯಚೂರು, ಕೊಪ್ಪಳದ ಕಡೆ 1948ರ ಸೆಪ್ಟೆಂಬರ್ 13ರಿಂದ 17 ದೊಡ್ಡ ಗುರುತು, ಭಾರತದ ಸೇನೆ ಆ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡ ದಿನಗಳು. ‘ಪೊಲೀಸ್ ಆಕ್ಷನ್’ ಎಂದರೂ, ನಿಜಾಮರ ಪರದ ಖಾಸಗಿ ಪಡೆಯ ಹೆಸರಲ್ಲಿ ‘ರಜಾಕಾರರ ಗದ್ದಲ’ ಎಂದರೂ ಆ ಹೊತ್ತು ಮತ್ತು ಅದರ ಹಿಂದಿನ ಒಂದು ವರ್ಷ. ಯಲಬುರ್ಗಾ, ಕುಷ್ಟಗಿ, ಕೊಪ್ಪಳದ ಅನೇಕ ಮನೆತನಗಳು ಆಗ ಗಡಿ ದಾಟಿ ಗಜೇಂದ್ರಗಡ, ಮುಂಡರಗಿ ಕಡೆ ಹೋಗಿದ್ದವು. ಬಳ್ಳಾರಿ ಮದ್ರಾಸಿಗೆ ಸೇರಿದ್ದರಿಂದ ಅಲ್ಲಿನ ಹಿರಿಯರಿಗೆ ಈ ಗುರುತು ಅಷ್ಟು ಗಟ್ಟಿಯಲ್ಲ. ಅವರಿಗೆ ಬಳ್ಳಾರಿ ಮೈಸೂರಿಗೆ ಸೇರಿದ 1953ರ ಅಕ್ಟೋಬರ್ 1 ಹತ್ತಿರ. ಆಲೂರು, ಆದೋನಿ, ರಾಯದುರ್ಗ ಆಂಧ್ರಕ್ಕೆ ಉಳಿದದ್ದೂ ಆಗಲೇ. ಬೀಗರು ಆ ಕಡೆ, ನಾವು ಈ ಕಡೆ ಎಂಬ ಮಾತು ಬಂದರೆ ಇಲ್ಲಿಗೆ ಜೋಡಿಸಿ. ರಾಯಚೂರು ಜಿಲ್ಲೆ ಮೈಸೂರಿಗೆ ಬಂದದ್ದು 1956ರ ನವೆಂಬರ್ 1ಕ್ಕೆ. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಎಪ್ಪತ್ತರ ಆಸುಪಾಸಿನವರಿಗೆ 1972ರ ಬರ, 1984ರಲ್ಲಿ ಇಂದಿರಾ ಗಾಂಧಿ ಹತ್ಯೆಯಾದ ದಿನ, 2009ರ ನೆರೆ ಸರಿಹೊಂದುತ್ತವೆ. ಡ್ಯಾಮಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಮನೆತನವಾದರೆ ಮೊದಲ ಗುರುತು ಅದೇ. ನಾರಾಯಣದೇವರಕೆರೆ ಮುಳುಗಿ ಜನ ಮರಿಯಮ್ಮನಹಳ್ಳಿಗೆ ಬಂದ ಹಾಗೆ, ಹಳೇ ಊರು ಮತ್ತು ಹೊಸ ಊರು ಎರಡರ ಹೆಸರನ್ನೂ ಬರೆದುಕೊಳ್ಳಿ. ಎಷ್ಟೋ ಕತೆಗಳು ನಡೆದದ್ದು ಈಗ ನೀರಿನಡಿ ಇರುವ ಊರಿನಲ್ಲಿ.

ತಿಂಗಳಿಗೆ ಮಳೆ ನಕ್ಷತ್ರ ಹಿಡಿಯಿರಿ. ಮೃಗಶಿರ ಜೂನ್ 7-8ಕ್ಕೆ ಕೂಡುತ್ತದೆ, ಆರಿದ್ರ 21-22ಕ್ಕೆ, ಪುಷ್ಯ ಜುಲೈ 19-20ಕ್ಕೆ, ಹುಬ್ಬಿ ಆಗಸ್ಟ್ ಕೊನೆಗೆ, ಉತ್ತರಿ ಸೆಪ್ಟೆಂಬರ್ 13ಕ್ಕೆ, ಹಸ್ತ ಅದೇ ತಿಂಗಳ 26-27ಕ್ಕೆ, ಚಿತ್ತಿ ಅಕ್ಟೋಬರ್ 10ಕ್ಕೆ, ಸ್ವಾತಿ 23-24ಕ್ಕೆ. ಒಂದೊಂದು ಹದಿಮೂರು ಹದಿನಾಲ್ಕು ದಿನ. ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಆದೀತು, ಅಷ್ಟೇ. ಹಬ್ಬಗಳು ಹಾಗಲ್ಲ. ಕಾರಹುಣ್ಣಿಮೆ, ಎಳ್ಳಮಾಸಿ ಇಪ್ಪತ್ತು ಮೂವತ್ತು ದಿನ ಸರಿದಾಡುತ್ತವೆ. ಮೊಹರಂ ಅಂತೂ ಪ್ರತಿ ವರ್ಷ ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. ‘ಅಲಾಯಿ ಹಬ್ಬದಾಗ ಹುಟ್ಟಿದ್ದ’ ಎಂದರೆ ಇಸವಿ ಗೊತ್ತಾಗುವ ತನಕ ತಿಂಗಳು ಬರೆಯಬೇಡಿ.

ಸಂವತ್ಸರದ ಹೆಸರು ನೆನಪಿದ್ದವರು ಸಿಕ್ಕರೆ ಲೆಕ್ಕ ಇನ್ನೂ ಸುಲಭ. ಅರವತ್ತರ ಸಾಲಿನಲ್ಲಿ ಅದು ಎಷ್ಟನೆಯದೋ ಆ ಸಂಖ್ಯೆಯನ್ನು 1926ಕ್ಕೆ ಕೂಡಿಸಿ. ವಿಜಯ 27ನೆಯದು, ಅಂದರೆ 1953ರ ಯುಗಾದಿಯಿಂದ. 1987ರ ಈಚೆಯದಾದರೆ 1986ಕ್ಕೆ ಕೂಡಿಸಬೇಕು. ತಪ್ಪು ಆಗುವುದು ಮಾಘ, ಫಾಲ್ಗುಣದ ಮದುವೆಗಳಲ್ಲಿ. ಸಂವತ್ಸರ ಯುಗಾದಿಗೆ ಮುಗಿಯುವುದರಿಂದ ಜನವರಿಯಿಂದ ಯುಗಾದಿ ತನಕದ ದಿನಗಳಿಗೆ ಇಸವಿ ಒಂದು ಮುಂದೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಹಳೇ ಕಂದಾಯ ಕಾಗದ ಸಿಕ್ಕಿ ಅದರಲ್ಲಿ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ, ಇದ್ದರೆ 590 ಕೂಡಿಸಿ. ಫಸಲಿ 1358 ಶುರುವಾದದ್ದು 1948ರಲ್ಲಿ. ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿದ್ದರೆ ಓದಲು ಬರುವ ಹಿರಿಯರನ್ನು ಈಗಲೇ ಹುಡುಕಿ.

ಆಧಾರ್ ಕಾರ್ಡಿನ ಹುಟ್ಟಿದ ದಿನ ನಂಬಬೇಡಿ. ಜನವರಿ 1 ಎಂದಿದ್ದರೆ ಅಂದಾಜಿನ ವಯಸ್ಸು ಹಾಕಿದ್ದು, ಜೂನ್ 1 ಎಂದಿದ್ದರೆ ಸಾಲಿ ಮಾಸ್ತರರು ಬರೆದದ್ದು ಎಂದೇ ಹೆಚ್ಚಾಗಿ ಅರ್ಥ.

ದುಡ್ಡಿನ ಮಾತು ಬಂದಾಗಲೂ ಹುಷಾರು. ನಿಜಾಮರ ಸೀಮೆಯಲ್ಲಿ ಅವರದೇ ನಾಣ್ಯ ಹಾಲಿ ಸಿಕ್ಕಾ, ಬಳ್ಳಾರಿ ಕಡೆ ಬ್ರಿಟಿಷ್ ಸರ್ಕಾರದ ಕಲ್ದಾರ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ. ‘ನೂರು ರೂಪಾಯಿಗೆ ಜೋಡೆತ್ತು ತಂದ್ವಿ’ ಎಂದರೆ ಯಾವ ರೂಪಾಯಿ ಎಂದು ಕೇಳಿ. ಆಣೆಯ ಲೆಕ್ಕ 1957ರ ಏಪ್ರಿಲ್ ತನಕ: ರೂಪಾಯಿಗೆ 16 ಆಣೆ, 64 ಪೈಸೆ. ಸೇರು, ಕೊಳಗ, ಕೂರಿಗೆ ಊರಿಂದೂರಿಗೆ ಬೇರೆ. ಅವರು ಹೇಳಿದ ಅಳತೆಯನ್ನೇ ಬರೆದು, ಕಿಲೋ ಎಕರೆಯ ಲೆಕ್ಕ ಪಕ್ಕದಲ್ಲಿ ಬೇರೆಯಾಗಿ ಇಡಿ.

ಕೂರುವ ಹೊತ್ತು, ಇಡುವ ಜಾಗ

ಈ ಸೀಮೆಯ ಬೇಸಿಗೆಯಲ್ಲಿ ಫ್ಯಾನಿಲ್ಲದೆ ಹಿರಿಯರನ್ನು ಕೂರಿಸುವುದು ಅನ್ಯಾಯ. ಫ್ಯಾನ್ ಹಾಕಿದರೆ ದನಿ ಕೆಡುತ್ತದೆ. ಹಾಗಾಗಿ ಮಾರ್ಚ್‌ನಿಂದ ಮೇ ತನಕ ಬೆಳಗ್ಗೆ ಆರರಿಂದ ಎಂಟರ ಒಳಗೆ ಮುಗಿಸಿ. ಎಲ್ಲಕ್ಕಿಂತ ಒಳ್ಳೆಯದು ಸುಗ್ಗಿ ಮುಗಿದ ಚಳಿಗಾಲದ ಮಧ್ಯಾಹ್ನ. ತಗಡಿನ ಮನೆ ಗುಂಯ್‌ಗುಟ್ಟುತ್ತದೆ. ಮಣ್ಣಿನ ಮಾಳಿಗೆ ಮನೆಯ ಪಡಸಾಲೆ, ಹಾಸಿಗೆ ಬಟ್ಟೆ ಇರುವ ಕೋಣೆ ದನಿಗೆ ಚೆನ್ನ.

ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲ್ ಮೇಲೆ, ಅವರ ಬಾಯಿಂದ ಒಂದು ಒಂದೂವರೆ ಅಡಿ ದೂರ ಇಡಿ. ಬರಿ ನೆಲ, ಸ್ಟೀಲ್ ತಾಟು, ಮಂಚದ ಕಟ್ಟು ಬೇಡ. ಬಳೆ, ಲೋಟದ ಸದ್ದು ಅಲ್ಲಿಂದ ದೊಡ್ಡದಾಗಿ ಕೇಳುತ್ತದೆ. ಕಾಲರ್ ಮೈಕ್ ಇದ್ದರೆ ಸೆರಗಿನ ಒಳಮಡಿಕೆಗೆ ಸಿಕ್ಕಿಸಬೇಡಿ, ಬಟ್ಟೆ ತಿಕ್ಕುತ್ತದೆ. ಹೊರಗೆ ಎದೆಯ ಮಟ್ಟಕ್ಕೆ ಇರಲಿ. ರೆಕಾರ್ಡರ್ ಆ್ಯಪಿನಲ್ಲಿ ವೇವ್ (WAV) ಮಾದರಿ ಆರಿಸಿದರೆ ಒಂದೇ ಚಾನೆಲ್‌ನಲ್ಲಿ ಗಂಟೆಗೆ ಸುಮಾರು 320ರಿಂದ 350 ಎಂಬಿ ಹಿಡಿಯುತ್ತದೆ, ಅಷ್ಟು ಜಾಗ ಖಾಲಿ ಮಾಡಿಕೊಳ್ಳಿ. ಶುರುವಿಗೆ ತಾರೀಖು, ಊರು, ಯಾರು ಯಾರು ಕೂತಿದ್ದೀರಿ ಎಂದು ನೀವೇ ಹೇಳಿ. ಒಂದು ನಿಮಿಷ ಧ್ವನಿ ಹಿಡಿದು ಇಯರ್‌ಫೋನಿನಲ್ಲಿ ಕೇಳಿದ ಮೇಲೆ ಮುಂದುವರಿಯಿರಿ. ಒಂದು ಸಲಕ್ಕೆ 45 ನಿಮಿಷ ಸಾಕು. ಅದರಾಚೆ ಅವರು ದಣಿದು, ನಿಮ್ಮನ್ನು ಕಳಿಸಲಿಕ್ಕಾಗಿ ಹೂಂ ಎನ್ನತೊಡಗುತ್ತಾರೆ.

ಅಜ್ಜಿಯ ಮಾತು ಹಿಡಿಯುವಾಗ ಮನೆಯ ಗಂಡಸರು ಪಕ್ಕದಲ್ಲಿ ಇರದಂತೆ ನೋಡಿಕೊಳ್ಳಿ. ‘ಏ, ನಿನಗೇನ್ ಗೊತ್ತದ, ನಾ ಹೇಳ್ತೀನಿ ತಡಿ’ ಎಂದು ಅವರು ಬಾಯಿ ಹಾಕಿದರೆ ಅಜ್ಜಿ ಆ ದಿನ ಮತ್ತೆ ತೆರೆದುಕೊಳ್ಳುವುದಿಲ್ಲ.

ಸಾಮಾನು ಮುಂದಿಟ್ಟು ಕೇಳಿ

‘ನಿಮ್ಮ ಜೀವನದ ಬಗ್ಗೆ ಹೇಳಿ’ ಎಂಬುದು ಕೆಟ್ಟ ಪ್ರಶ್ನೆ. ‘ನೀವ್ ಈ ಮನಿಗೆ ಬಂದಾಗ ಎಷ್ಟು ಒಲಿ ಉರೀತಿದ್ದುವು?’ ಎಂದು ಕೇಳಿ. ಒಂದು ಒಲೆಯೋ ಎರಡೋ ಎಂಬಲ್ಲೇ ಮನೆ ಕೂಡಿತ್ತೋ ಪಾಲಾಗಿತ್ತೋ ಗೊತ್ತಾಗುತ್ತದೆ, ಅತ್ತೆ ನೆಗೆಣ್ಣಿಯರು ಮಾತಿಗೆ ಬರುತ್ತಾರೆ. ‘ನೀರು ಎಲ್ಲಿಂದ ತರ್ತಿದ್ರಿ, ಎಷ್ಟು ಕೊಡ?’, ‘ರೊಟ್ಟಿ ಹಿಟ್ಟು ಯಾವಾಗ ಬೀಸ್ತಿದ್ರಿ, ಜೋಡಿ ಯಾರು ಕೂಡ್ತಿದ್ರು?’ ಬೀಸುಕಲ್ಲು ಇನ್ನೂ ಮನೆಯಲ್ಲಿದ್ದರೆ ಹೊರಗೆ ತೆಗೆಯಿರಿ. ಗೂಟಕ್ಕೆ ಕೈ ಹೋದ ಮೇಲೆ ಪದ ತಾನೇ ಬರುತ್ತದೆ. ‘ಒಂದು ಹಾಡು ಹೇಳ್ರಿ’ ಎಂದು ಮುಂದೆ ಕೂತು ಕೇಳಿದರೆ ಬರುವುದಿಲ್ಲ.

ಈ ಸೀಮೆಯ ಮನೆಗಳಲ್ಲಿ ಹಳೇ ಬಟ್ಟೆಯ ತೇಪೆ ಕೂಡಿಸಿ ಹೊಲಿದ ಹೊದಿಕೆ, ಅಂದರೆ ಕೌದಿಗಿಂತ ಒಳ್ಳೆಯ ದಾಖಲೆ ಇಲ್ಲ ಎಂಬುದು ನಮ್ಮ ಅನುಭವ. ಹಳೇ ಕೌದಿಯೊಂದನ್ನು ಅಂಗಳದ ನೆರಳಲ್ಲಿ ಹಾಸಿ, ನೇರ ಮೇಲಿನಿಂದ ಇಡೀ ಕೌದಿಯ ಒಂದು ಫೋಟೊ ತೆಗೆಯಿರಿ. ಆಮೇಲೆ ಎಡ ಮೂಲೆಯಿಂದ ಸಾಲಾಗಿ ಒಂದೊಂದು ತೇಪೆಯ ಮೇಲೆ ಸಂಖ್ಯೆ ಬರೆದ ಚೀಟಿ ಇಟ್ಟು ಹತ್ತಿರದಿಂದ ತೆಗೆಯಿರಿ. ಗುಂಡುಪಿನ್ನು ಚುಚ್ಚಬೇಡಿ, ಹಳೇ ಅರಿವೆ ಹರಿಯುತ್ತದೆ. ಚೀಟಿಯ ಮೇಲೆ ಜೋಳದ ಕಾಳಿಟ್ಟರೂ ಸಾಕು. ಈಗ ರೆಕಾರ್ಡರ್ ಚಾಲೂ ಮಾಡಿ, ‘ಏಳನೇ ತುಣುಕು, ಹಸಿರು ದಡಿದು, ಯಾರ ಸೀರಿ ಇದು?’ ಎಂದು ಬಾಯಿಬಿಟ್ಟು ಸಂಖ್ಯೆ ಹೇಳಿಯೇ ಕೇಳಿ. ‘ಇದು ಯಾರದು’ ಎಂದು ಬೆರಳಲ್ಲಿ ತೋರಿಸಿದರೆ ಹತ್ತು ವರ್ಷದ ಮೇಲೆ ಕೇಳುವವರಿಗೆ ಯಾವುದೆಂದು ತಿಳಿಯುವುದಿಲ್ಲ. ಅತ್ತೆಯ ಇಳಕಲ್ ಸೀರೆ, ತೀರಿಹೋದ ಕೂಸಿನ ಕುಲಾಯಿ, ಗಂಡನ ಧೋತರದ ಅಂಚು, ಜಾತ್ರೆಯಲ್ಲಿ ಕೊಂಡ ಕಣದ ತುಂಡು ಎಂದು ಒಂದೇ ಕೌದಿಯಲ್ಲಿ ಮೂರು ತಲೆಮಾರು ಹೊರಬರಬಹುದು. ಯಾರು ಹೊಲಿದರು, ಹೊಲಿಯುವವರಿಗೆ ಏನು ಕೊಟ್ಟರು, ಮೂಲೆಯ ಕುಚ್ಚು ಯಾಕೆ ಎಂಬುದನ್ನೂ ಕೇಳಿ. ನಲವತ್ತು ತೇಪೆಯ ಕೌದಿಗೆ ಎರಡು ದಿನ ಇಟ್ಟುಕೊಳ್ಳಿ.

ಅವರು ಸುಮ್ಮನಾದಾಗ ಹತ್ತು ಎಣಿಸಿ. ಮುಂದಿನ ಪ್ರಶ್ನೆ ಹಾಕುವ ಅವಸರಕ್ಕೆ ಕಳೆದುಹೋದ ಮಾತು ಬಹಳ. ಇಸವಿ ತಪ್ಪು ಹೇಳಿದರೂ ತಿದ್ದಬೇಡಿ, ನಿಮ್ಮ ವಹಿಯಲ್ಲಿ ಗುರುತು ಹಾಕಿಕೊಳ್ಳಿ. ಮುಖ್ಯವಾದ ಕತೆಯನ್ನು ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಹೇಳಿಸಿ. ಎರಡು ಸಲವೂ ಬದಲಾಗದ ಭಾಗ ಯಾವುದು, ಬದಲಾದದ್ದು ಯಾವುದು ಎಂಬುದು ಆಗ ಕಾಣುತ್ತದೆ. ಎರಡೂ ಇಟ್ಟುಕೊಳ್ಳಿ.

ಹೆಸರಿನ ಗೊಂದಲ, ಹೆಳವರ ಹೊತ್ತಿಗೆ

ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಮನೆತನದಲ್ಲಿ ನಾಲ್ಕು ತಲೆಮಾರಿನಲ್ಲಿ ಮೂವರು ಬಸಪ್ಪ, ಇಬ್ಬರು ಹುಲಿಗೆಮ್ಮ ಇರುತ್ತಾರೆ. ‘ನಮ್ಮ ಬಸಪ್ಪ ಮಾವ’ ಎಂದರೆ ಯಾರು? ವಂಶದ ನಕ್ಷೆಯಲ್ಲಿ ಪ್ರತಿ ಹೆಸರಿಗೂ ಸಂಖ್ಯೆ ಕೊಟ್ಟು, ಬರೆಯುವಾಗ ಬಸಪ್ಪ-1, ಬಸಪ್ಪ-3 ಎಂದೇ ಬರೆಯಿರಿ. ಸಂಬಂಧದ ಪದಗಳೂ ಮೋಸ ಮಾಡುತ್ತವೆ. ಒಂದು ಮನೆಯಲ್ಲಿ ಅಮ್ಮ ಎಂದರೆ ಅಜ್ಜಿ, ತಾಯಿ ಅವ್ವ. ಪಕ್ಕದ ಮನೆಯಲ್ಲಿ ತಾಯಿಯೇ ಅಮ್ಮ. ಗಂಡನ ಹೆಸರು ಬಾಯಲ್ಲಿ ಹೇಳದ ಅಜ್ಜಿಯರಿದ್ದಾರೆ, ಬಲವಂತ ಮಾಡದೆ ಆ ಹೆಸರನ್ನು ಬೇರೆಯವರಿಂದ ಪಡೆಯಿರಿ.

ಅಜ್ಜನ ಅಜ್ಜನಿಗಿಂತ ಹಿಂದಕ್ಕೆ ಹೋಗಬೇಕೆಂದರೆ ನಿಮ್ಮ ಮನೆತನದ ಹೆಳವರನ್ನು ಹುಡುಕಿ. ಸುಗ್ಗಿಯ ಹೊತ್ತಿಗೆ ಎತ್ತಿನ ಮೇಲೆ ಬಂದು, ಮೂಲ ಊರು, ಬೆಡಗು, ಮನೆದೇವರು, ಹಿರಿಯರ ಹೆಸರು ಹೇಳಿ ಕಾಳು, ಬಟ್ಟೆ ಪಡೆಯುತ್ತಿದ್ದವರು ಅವರು. ಮನೆತನಗಳನ್ನು ಅವರು ತಮ್ಮೊಳಗೆ ಹಂಚಿಕೊಂಡಿರುವುದರಿಂದ ಬೇರೆ ಹೆಳವರ ಬಳಿ ನಿಮ್ಮ ವಂಶ ಇರುವುದಿಲ್ಲ. ನಿಮ್ಮ ಅಣ್ಣತಮ್ಮಕಿಯ ಹಿರಿಯರನ್ನು ಕೇಳಿದರೆ ಯಾರು ಬರುತ್ತಿದ್ದರೆಂದು ತಿಳಿಯುತ್ತದೆ. ವಂಶಾವಳಿ ಬರೆದಿಟ್ಟ ಅವರ ಹೊತ್ತಿಗೆಯ ಫೋಟೊ ತೆಗೆಯುವ ಮುನ್ನ ಅನುಮತಿ ಕೇಳಿ, ಅದು ಅವರ ಅನ್ನದ ದಾರಿ. ಗೌರವದ ಕಾಣಿಕೆ ಕೊಡಿ, ಚೌಕಾಸಿ ಬೇಡ. ಅವರ ಸಾಲಿನಲ್ಲಿ ಗಂಡುಮಕ್ಕಳೇ ಮುಖ್ಯ. ಹೆಣ್ಣುಮಕ್ಕಳು ಎಲ್ಲಿಂದ ಬಂದರು, ಎಲ್ಲಿಗೆ ಹೋದರು ಎಂಬುದನ್ನು ಅಜ್ಜಿಯರ ಬಾಯಿಂದಲೇ ತುಂಬಿಸಬೇಕು.

ಕೆಲವು ಮಾತು ಮನೆಯ ಹೊಸ್ತಿಲು ದಾಟಬಾರದು. ಗದ್ದಲದ ಕಾಲದಲ್ಲಿ ಯಾರು ಯಾರ ಮನೆ ಸುಟ್ಟರು, ದೇವರಿಗೆ ಬಿಟ್ಟ ಹೆಣ್ಣುಮಗಳ ಬದುಕು, ಜಾತಿಯ ಅವಮಾನ, ಹೊಲದ ಪಾಲು. ಪ್ರತಿ ಸಲ ಮುಗಿಸುವಾಗ ‘ಇದರಾಗ ಯಾರಿಗೂ ಕೇಳಿಸಬಾರದ್ದು ಏನರ ಐತೇನ್ರಿ?’ ಎಂದು ಕೇಳಿ, ಉತ್ತರವನ್ನೂ ರೆಕಾರ್ಡ್ ಮಾಡಿ, ಆ ಭಾಗವನ್ನು ಬೇರೆ ಕಡತಕ್ಕೆ ಹಾಕಿ. ಪಾಲಿನ ತಕರಾರು ನಡೆದಿರುವ ಮನೆಯಲ್ಲಿ ಹೊಲದ ಮಾತೇ ಎತ್ತಬೇಡಿ. ಅಜ್ಜನ ದನಿ ಪಂಚಾಯ್ತಿ ಕಟ್ಟೆಯ ಸಾಕ್ಷಿಯಾಗುತ್ತದೆ, ಆಮೇಲೆ ಆ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಇಳಿಸುವುದು, ಉಳಿಸುವುದು

ಒಂದು ಗಂಟೆಯ ಮಾತು ಬರಹಕ್ಕಿಳಿಸಲು ಐದಾರು ಗಂಟೆ ಬೇಕು. ಆಡಿದ ಹಾಗೆಯೇ ಬರೆಯಿರಿ. ‘ಹೊಂಟಿದ್ವಿ’ ಎಂಬುದನ್ನು ‘ಹೊರಟಿದ್ದೆವು’ ಮಾಡಬೇಡಿ. ಆಂಧ್ರದಿಂದ ಬಂದ ರೈತರು ನೆಲೆಸಿದ ಸಿಂಧನೂರು, ಗಂಗಾವತಿ ಕ್ಯಾಂಪುಗಳಲ್ಲಿ, ಬಳ್ಳಾರಿಯಲ್ಲಿ ತೆಲುಗಿನಲ್ಲಿ, ರಾಯಚೂರಿನಲ್ಲಿ ಉರ್ದುವಿನಲ್ಲಿ ಹೇಳಿದ್ದು ಅದೇ ಮಾತಿನಲ್ಲಿ ಇರಲಿ. ಕನ್ನಡ ಅರ್ಥ ಕೆಳಗೆ ಬರೆಯಿರಿ. ಪ್ರತಿ ಐದು ನಿಮಿಷಕ್ಕೆ ಸಮಯ ಹಾಕಿದರೆ ಮೂಲ ಮಾತು ಹುಡುಕುವುದು ಸಲೀಸು.

ಕಡತದ ಹೆಸರು ಇಸವಿ, ತಿಂಗಳು, ದಿನದಿಂದ ಶುರುವಾಗಲಿ, ಆಮೇಲೆ ವ್ಯಕ್ತಿ, ವಿಷಯ. ಮೂರು ಪ್ರತಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ತಂಗಿಯ ಮನೆಯಲ್ಲಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಹಳೇ ಫೋಟೊಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಗಾಜಿಗೆ ಅಂಟಿದ್ದನ್ನು ಕೀಳಬೇಡಿ. ಫ್ಲ್ಯಾಶ್ ಇಲ್ಲದೆ ನೆರಳಲ್ಲಿ, ಗಾಜಿನ ಸಮೇತ ತೆಗೆಯಿರಿ. ಬಿಡಿ ಫೋಟೊದ ಹಿಂದೆ ಹೆಸರು ಬರೆಯಲು ಮೆತ್ತನೆ ಪೆನ್ಸಿಲ್, ಬಾಲ್‌ಪೆನ್ ಅಲ್ಲ.

ಬರೆದಾದ ಮೇಲೆ ಹಿರಿಯರ ಮುಂದೆ ಕೂತು ಗಟ್ಟಿಯಾಗಿ ಓದಿ ಹೇಳಿ. ‘ಹಂಗಲ್ಲಲೇ, ಅದು ಉತ್ತರಿ ಮಳ್ಯಾಗ ಅಲ್ಲ, ಹಸ್ತ ಮಳ್ಯಾಗ’ ಎಂದು ತಿದ್ದುತ್ತಾ ಮೊದಲ ಸಲ ಬಿಟ್ಟದ್ದನ್ನೆಲ್ಲ ಹೇಳತೊಡಗುತ್ತಾರೆ. ಆ ಹೊತ್ತಿಗೂ ರೆಕಾರ್ಡರ್ ಚಾಲೂ ಇರಲಿ.