ಮಳೆಗಾಲದ ಆಪತ್ತಿಗೆ ಮೀಟುವ, ಒಡೆಯುವ ಸಲಕರಣೆಗಳನ್ನು ಆರಿಸುವುದು ಹೇಗೆ?

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಸುತ್ತಮುತ್ತ ಗುಡ್ಡಗಳು ಜಾರಿದಾಗ ರಸ್ತೆಗಳು ಕೊಚ್ಚಿಹೋಗಿ ಹಲವು ಊರುಗಳ ಸಂಪರ್ಕವೇ ಕಡಿದುಹೋಯಿತು. ಇಂಥ ಹೊತ್ತಿನಲ್ಲಿ ರಕ್ಷಣಾ ಪಡೆ ಎಷ್ಟೇ ಸಜ್ಜಾಗಿದ್ದರೂ ದಾರಿ ತೆರವಾಗುವವರೆಗೆ ಮನೆಯವರು ಮತ್ತು ನೆರೆಹೊರೆಯವರೇ ಒಬ್ಬರಿಗೊಬ್ಬರು ಆಸರೆ. ಹಿತ್ತಿಲ ಬಾಗಿಲಿಗೆ ಕೆಸರು ಒತ್ತಿಕೊಂಡಾಗ ಅಥವಾ ಗೋಡೆ ವಾಲಿ ಕೋಣೆಯ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡಾಗ ಬರಿಗೈಯಿಂದ ಆಗುವುದು ಬಹಳ ಕಡಿಮೆ. ಆದ್ದರಿಂದ ಗುಡ್ಡದ ತಪ್ಪಲಲ್ಲಿ, ಹೊಳೆಯ ಅಂಚಿನಲ್ಲಿ ಇರುವ ಪ್ರತಿ ಮನೆಯಲ್ಲೂ ಕೆಲವು ಗಟ್ಟಿ ಸಲಕರಣೆಗಳು ಇರಲೇಬೇಕು.

ಮೊದಲು ಮನೆಯನ್ನು ಅಳೆಯಿರಿ

ಅಂಗಡಿಗೆ ಹೋಗುವ ಮುನ್ನ ಮನೆಯ ಪ್ರತಿ ಕೋಣೆಯಲ್ಲೂ ನಿಂತು, ಮುಖ್ಯ ದಾರಿ ಮುಚ್ಚಿದರೆ ಹೊರಬೀಳುವುದು ಎಲ್ಲಿಂದ ಎಂದು ನೋಡಿ. ಬಾಗಿಲು ಒಳಕ್ಕೆ ತೆರೆಯುತ್ತದೆಯೋ ಹೊರಕ್ಕೋ, ಕಿಟಕಿಯ ಸರಳುಗಳು ಮರದ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿದವೋ ಗೋಡೆಯೊಳಗೇ ಹೂತವೋ, ಸರಳಿನ ದಪ್ಪ ಎಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಿ. ಗೋಡೆಯ ಬಗೆಯೂ ಮುಖ್ಯ. ಮುರಕಲ್ಲು ಮತ್ತು ಇಟ್ಟಿಗೆಯ ಗೋಡೆ ಗಾರೆಯ ಸಂದಿನಲ್ಲಿ ಬಿಡಿಸಿಕೊಳ್ಳುತ್ತದೆ, ಟೊಳ್ಳು ಸಿಮೆಂಟ್ ಬ್ಲಾಕು ಪೆಟ್ಟಿಗೆ ಒಡೆಯುತ್ತದೆ. ಆದರೆ ಕಬ್ಬಿಣ ಕಟ್ಟಿದ ಕಾಂಕ್ರೀಟಿನ ಕಂಬ, ತೊಲೆಗಳು ಕೈಸಲಕರಣೆಗೆ ಬಗ್ಗುವುದಿಲ್ಲ, ಅವುಗಳನ್ನು ಮುಟ್ಟಲೂಬಾರದು.

ಹಾರೆಯೇ ಮೊದಲ ಆಯ್ಕೆ

ಒಂದೇ ಸಲಕರಣೆ ಕೊಳ್ಳುವಷ್ಟು ಹಣವಿದ್ದರೆ ಉದ್ದನೆಯ ಹಾರೆಯನ್ನೇ ಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಮಲೆನಾಡಿನ ತೋಟದ ಮನೆಗಳಲ್ಲಿ ಅದು ಹೇಗೂ ಇರುತ್ತದೆ, ಆದರೆ ಎಲ್ಲ ಹಾರೆಗಳೂ ಒಂದೇ ಅಲ್ಲ. ಐದು ಅಡಿ ಉದ್ದದ, 25 ಮಿ.ಮೀ. ದಪ್ಪದ ಆರು ಮೂಲೆಯ ಉಕ್ಕಿನ ಹಾರೆ 6 ಕೆ.ಜಿ.ಗಿಂತ ತುಸು ಹೆಚ್ಚು ತೂಗುತ್ತದೆ. ಹೆಚ್ಚಿನ ವಯಸ್ಕರು ಇದನ್ನು ಹಿಡಿದು ಕೆಲಸ ಮಾಡಬಲ್ಲರು. 28 ಮಿ.ಮೀ. ದಪ್ಪದ್ದು ಸುಮಾರು 8 ಕೆ.ಜಿ. ಬರುವುದರಿಂದ ಬೇಗ ಆಯಾಸ ತರುತ್ತದೆ.

ಹಾರೆಯ ಬಲವಿರುವುದು ಸನ್ನೆಗೋಲಿನ ಲೆಕ್ಕದಲ್ಲಿ. 150 ಸೆಂ.ಮೀ. ಉದ್ದದ ಹಾರೆಗೆ ತುದಿಯಿಂದ 10 ಸೆಂ.ಮೀ. ದೂರದಲ್ಲಿ ಆನಿಕೆ ಕೊಟ್ಟರೆ ಆಚೆ ಬದಿಯಲ್ಲಿ 140 ಸೆಂ.ಮೀ. ಉಳಿಯುತ್ತದೆ, ಅಂದರೆ ನೀವು ಒತ್ತಿದ ಬಲ 14 ಪಟ್ಟಾಗುತ್ತದೆ. 30 ಕೆ.ಜಿ.ಯಷ್ಟು ಭಾರ ಹಾಕಿದರೆ ತುದಿಯಲ್ಲಿ ಹೆಚ್ಚುಕಡಿಮೆ 420 ಕೆ.ಜಿ.ಯ ಒತ್ತಡ. ಇಷ್ಟು ಒತ್ತಡವನ್ನು ಮೆದು ಕಬ್ಬಿಣ ತಾಳದೆ ಬಾಗಿ, ಹಾಗೆಯೇ ಉಳಿದುಬಿಡುತ್ತದೆ. ಹಾಗಾಗಿ ಒಂದೇ ತುಂಡಿನಿಂದ ಬಡಿದು ಮಾಡಿದ, ಹದ ಕೊಟ್ಟ ತುದಿಯ ಹಾರೆಯನ್ನೇ ಆರಿಸಿ. ತುದಿಯನ್ನು ವೆಲ್ಡ್ ಮಾಡಿ ಸೇರಿಸಿದ್ದರೆ, ಅಲ್ಲಿ ಬಣ್ಣ ಎಷ್ಟೇ ದಪ್ಪವಾಗಿ ಬಳಿದಿದ್ದರೂ ಬೆರಳಿಗೆ ಉಬ್ಬು ತಾಗುತ್ತದೆ. ಅಂಥದ್ದನ್ನು ತೆಗೆದುಕೊಳ್ಳಬೇಡಿ.

ಜೊತೆಗೊಂದು ಚಿಕ್ಕ ಸಲಾಕೆ

ಇಕ್ಕಟ್ಟಿನಲ್ಲಿ ಐದು ಅಡಿಯ ಹಾರೆ ತಿರುಗುವುದಿಲ್ಲ. ಅದಕ್ಕಾಗಿ ಒಂದು ತುದಿ ಚಪ್ಪಟೆ, ಇನ್ನೊಂದು ತುದಿ ಮೊಳೆ ಕೀಳುವ ಸೀಳುಕೊಂಡಿ ಇರುವ ಎರಡು ಅಥವಾ ಎರಡೂವರೆ ಅಡಿಯ ಸಲಾಕೆ ಬೇಕು. ಚಪ್ಪಟೆ ತುದಿ ತೆಳುವಾಗಿದ್ದಷ್ಟೂ ಒಳ್ಳೆಯದು. ಸಿಕ್ಕಿಕೊಂಡ ಬಾಗಿಲಿನಲ್ಲಿ ಅದನ್ನು ಚಿಲಕದಿಂದ ನಾಲ್ಕು ಬೆರಳು ಮೇಲೆ, ಕದಕ್ಕೂ ಚೌಕಟ್ಟಿಗೂ ನಡುವಿನ ಸಂದಿಗೆ ಸುತ್ತಿಗೆಯಿಂದ ಬಡಿದು ಕೂರಿಸಿ. ತುಸು ಮೀಟಿ, ಸಂದು ತೆರೆದ ಕೂಡಲೇ ಮರದ ಬೆಣೆಯೊಂದನ್ನು ತುರುಕಿ. ಸಲಾಕೆ ತೆಗೆದರೂ ಸಂದು ಮುಚ್ಚದು, ಅದೇ ಜಾಗಕ್ಕೆ ಉದ್ದನೆಯ ಹಾರೆ ಇಳಿಯುತ್ತದೆ. ನ್ಯೂಯಾರ್ಕಿನ ಅಗ್ನಿಶಾಮಕ ಅಧಿಕಾರಿ ಹ್ಯೂ ಹ್ಯಾಲಿಗನ್ 1948ರಲ್ಲಿ ರೂಪಿಸಿದ ಸಲಾಕೆಯಲ್ಲಿ ಕವಲು, ಚಪ್ಪಟೆ ಅಲಗು, ಚೂಪು ಮೂರೂ ಒಂದೇ ಕಡೆ ಇವೆ. ಅದು ಅಗ್ನಿಶಾಮಕ ದಳದವರಿಗೆ ಅತ್ಯುತ್ತಮ ಸಲಕರಣೆಯೇ ಸರಿ, ಆದರೆ ಮನೆಬಳಕೆಗೆ ಅಷ್ಟು ದುಡ್ಡು ಸುರಿಯಬೇಕಾಗಿಲ್ಲ.

ಸಮ್ಮಟಿಗೆ, ಉಳಿ, ಕತ್ತರಿಸುವ ಸಲಕರಣೆ

ಭಾರದ ಸಮ್ಮಟಿಗೆ ಕಂಡಾಗ ಆಸೆಯಾಗುವುದು ಸಹಜ. ಆದರೆ ದಣಿದ ಕೈಯಲ್ಲಿ ಗುರಿ ತಪ್ಪುವ 6 ಕೆ.ಜಿ.ಯ ಸಮ್ಮಟಿಗೆಗಿಂತ ಎಣಿಸಿ ಹೊಡೆಯಬಹುದಾದ 3 ಅಥವಾ 4 ಕೆ.ಜಿ.ಯದ್ದೇ ಹೆಚ್ಚು ಕೆಲಸ ಮಾಡುತ್ತದೆ. ಮನೆಯಲ್ಲಿ ಅದನ್ನು ಬಳಸಬೇಕಾದವರು ಯಾರೋ ಅವರನ್ನೇ ಅಂಗಡಿಗೆ ಕರೆದೊಯ್ದು ಎತ್ತಿಸಿ ನೋಡಿ. ಮರದ ಕಾವಿನಲ್ಲಿ ಎಳೆಗಳು ಉದ್ದಕ್ಕೆ ನೇರವಾಗಿ ಸಾಗಿರಬೇಕು, ಗಂಟು ಇರಬಾರದು. ಉಳಿಗಳಲ್ಲಿ ಚಪ್ಪಟೆಯದ್ದೊಂದು, ಚೂಪಿನದ್ದೊಂದು ಸಾಕು. ತಲೆ ಅಣಬೆಯಂತೆ ಅರಳಿದ ಹಳೆಯ ಉಳಿಯನ್ನು ಉಜ್ಜಿ ಸರಿಮಾಡದೆ ಬಳಸಬೇಡಿ, ಪೆಟ್ಟಿಗೆ ಅದರ ಚೂರು ಸಿಡಿದು ಕಣ್ಣಿಗೆ ಬೀಳಬಹುದು.

ಬೀಗ, ಸರಪಳಿ, ತೆಳುವಾದ ಸರಳುಗಳಿಗೆ 24 ಇಂಚಿನ ಬೋಲ್ಟ್ ಕಟರ್ ಸಾಕಾಗುತ್ತದೆ. ದಪ್ಪ ಸರಳಿಗೆ ಹ್ಯಾಕ್ಸಾ ಮತ್ತು ಒಂದಿಷ್ಟು ಹೆಚ್ಚುವರಿ ಬ್ಲೇಡುಗಳು ಬೇಕು. ಕರೆಂಟಿನ ಗ್ರೈಂಡರನ್ನು ನಂಬಿ ಕೂರಬೇಡಿ, ಜೋರು ಮಳೆಗೆ ಮೊದಲು ಹೋಗುವುದೇ ಕರೆಂಟು.

ಮರದ ತುಂಡುಗಳನ್ನು ಮರೆಯಬೇಡಿ

ಹೆಚ್ಚಿನವರು ಕೊಳ್ಳದೆ ಬಿಡುವುದು ಇದನ್ನೇ. ಒಂದೂವರೆ ಅಡಿ ಉದ್ದದ, ನಾಲ್ಕು ಇಂಚು ಚೌಕದ ಗಟ್ಟಿ ಮರದ ಹತ್ತು ಹನ್ನೆರಡು ತುಂಡುಗಳನ್ನು ಮತ್ತು ಕೆಲವು ಬೆಣೆಗಳನ್ನು ಸಾಮಿಲ್ಲಿನಲ್ಲಿ ಕೊಯ್ಯಿಸಿಟ್ಟುಕೊಳ್ಳಿ. ಬಿದ್ದ ತೊಲೆಯನ್ನು ಹಾರೆಯಿಂದ ಎತ್ತುವಾಗ ಒಬ್ಬರು ಮೀಟಬೇಕು, ಇನ್ನೊಬ್ಬರು ಎದ್ದಷ್ಟೇ ಎತ್ತರಕ್ಕೆ ಮರ ಕೊಡುತ್ತಾ ಹೋಗಬೇಕು. ಒಂದು ಇಂಚು ಎದ್ದರೆ ಒಂದು ಇಂಚು ತುಂಬಿ. ಹಾರೆ ಜಾರಿದರೂ ತೊಲೆ ಮರದ ಮೇಲೆ ನಿಲ್ಲುತ್ತದೆ, ಅಡಿಯಲ್ಲಿ ಸಿಕ್ಕವರ ಮೇಲೆ ಮತ್ತೆ ಬೀಳುವುದಿಲ್ಲ. ಮರ ಇಡುವವರು ತುಂಡನ್ನು ಬದಿಯಿಂದ ಹಿಡಿದು ತಳ್ಳಬೇಕು, ಭಾರದ ಅಡಿಗೆ ಕೈ ಹಾಕಬಾರದು.

ಯಾವುದೇ ಪೆಟ್ಟು ಹಾಕುವ ಮುನ್ನ ಮೇನ್ ಸ್ವಿಚ್ಚನ್ನೂ ಗ್ಯಾಸಿನ ರೆಗ್ಯುಲೇಟರನ್ನೂ ಬಂದ್ ಮಾಡಿ. ಗ್ಯಾಸಿನ ವಾಸನೆ ಈಗಾಗಲೇ ತುಂಬಿದ್ದರೆ ಸ್ವಿಚ್ಚನ್ನೂ ಮುಟ್ಟಬೇಡಿ, ಕಬ್ಬಿಣದ ಮೇಲೆ ಕಬ್ಬಿಣ ಹೊಡೆಯಬೇಡಿ, ಒಂದು ಕಿಡಿ ಸಾಕು. ವಾಲಿದ ಗೋಡೆಯ ಅಡಿಯಲ್ಲಾಗಲೀ ಹೊಸದಾಗಿ ಬಿರುಕು ಬಿಟ್ಟ ಗುಡ್ಡದ ಕೆಳಗಾಗಲೀ ಸಲಕರಣೆ ಹಿಡಿದು ನಿಲ್ಲುವುದು ಬೇಡ. ಅಲ್ಲಿ ಜನರನ್ನು ದೂರ ಸರಿಸಿ 112ಕ್ಕೆ ಕರೆ ಮಾಡುವುದೇ ಸರಿಯಾದ ಕೆಲಸ.

ಎಲ್ಲಿ ಇಡಬೇಕು?

ಹಿತ್ತಿಲ ಕೊಟ್ಟಿಗೆಯಲ್ಲಿಟ್ಟ ಹಾರೆ, ಕೋಣೆಯೊಳಗೆ ಸಿಕ್ಕಿಕೊಂಡವರಿಗೆ ಇದ್ದೂ ಇಲ್ಲದಂತೆ. ಚಿಕ್ಕ ಸಲಾಕೆ, ಹ್ಯಾಕ್ಸಾ, ಟಾರ್ಚು ಮತ್ತು ಒಂದು ಸೀಟಿಯನ್ನು ಮಲಗುವ ಕೋಣೆಯಲ್ಲೇ ಇಡಿ. ಹಾರೆ, ಸಮ್ಮಟಿಗೆ, ಮರದ ತುಂಡುಗಳನ್ನು ಗುಡ್ಡದ ಕಡೆಗಿರುವ ಬದಿಯಲ್ಲಿಡದೆ ಮುಂಬಾಗಿಲಿನ ಹೊರಗೆ, ಮಳೆ ಬೀಳದ ಕಡೆ ನಿಲ್ಲಿಸಿ. ಚರ್ಮದ ಕೈಗವಸು, ಕಣ್ಣಿನ ಕನ್ನಡಕ, ಹೆಲ್ಮೆಟ್ಟುಗಳೂ ಅಲ್ಲೇ ಇರಲಿ. ಕರಾವಳಿಯ, ಮಲೆನಾಡಿನ ತೇವಕ್ಕೆ ಉಕ್ಕು ಬೇಗ ತುಕ್ಕು ಹಿಡಿಯುವುದರಿಂದ ಮೇ ತಿಂಗಳಲ್ಲೊಮ್ಮೆ ಎಣ್ಣೆಬಟ್ಟೆಯಿಂದ ಒರೆಸಿ, ಸಮ್ಮಟಿಗೆಯ ತಲೆ ಕಾವಿನಲ್ಲಿ ಅಲ್ಲಾಡುತ್ತದೆಯೇ ಎಂದು ಪರೀಕ್ಷಿಸಿ, ಅಲ್ಲಾಡಿದರೆ ಹೊಸ ಬೆಣೆ ಹೊಡೆಸಿ. ಯಾವ ಮನೆಯಲ್ಲಿ ಯಾವ ಸಲಕರಣೆ ಇದೆ ಎಂಬ ಪಟ್ಟಿಯನ್ನು ಅಕ್ಕಪಕ್ಕದ ನಾಲ್ಕು ಮನೆಯವರು ಹಂಚಿಕೊಂಡಿದ್ದರೆ, ಎಲ್ಲರೂ ಎಲ್ಲವನ್ನೂ ಕೊಳ್ಳುವ ಅಗತ್ಯವೂ ಬೀಳುವುದಿಲ್ಲ.