ಸೊಪ್ಪಿನಬೆಟ್ಟದ ಕೊಳ್ಳಕ್ಕೆ ಬೆಂಕಿ ಹರಡದಂತೆ ಮಾಡಿದ ನನ್ನ ಅನುಭವ

ಶಿರಸಿ ಪೇಟೆಯ ಅಂಚಿಗೆ ತಾಗಿರುವ ನಮ್ಮ ಸೊಪ್ಪಿನಬೆಟ್ಟದ (ಅಡಿಕೆ ತೋಟಕ್ಕೆ ಸೊಪ್ಪು ತರಲು ಹಕ್ಕಿರುವ ಕಾಡಿನ) ಕೊಳ್ಳ ಬೇಸಿಗೆ ಬಂತೆಂದರೆ ಒಂದಲ್ಲ ಒಂದು ಮೂಲೆಯಲ್ಲಿ ಹೊತ್ತಿಕೊಳ್ಳುತ್ತಿತ್ತು. ಈಚಿನ ವರ್ಷಗಳಲ್ಲಿ ಅಲ್ಲಿ ಬೆಂಕಿ ಹಬ್ಬಿಲ್ಲ. ಹಾಕಿದ ಹಣದ ಬಹುಪಾಲು ತೋಟದಲ್ಲೇ ಹುಟ್ಟಿದೆ ಎಂದರೆ ನಂಬದವರು ಈಗಲೂ ಇದ್ದಾರೆ.

ಮೊದಲು ಎಲ್ಲರ ಸಲಹೆಯಂತೆ ವೀಡ್ ಕಟರ್‌ನಿಂದ ಲಂಟಾನ, ಯುಪಟೋರಿಯಂ ಎಂಬ ಕಳೆಪೊದೆಗಳನ್ನು ಸವರಿಸಿದ್ದಾಯಿತು. ಎಕರೆಗೆ ಐದಾರು ಸಾವಿರ ರೂಪಾಯಿ ಹೋಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಒಂದೊಂದು ಬುಡದಿಂದ ಹತ್ತಾರು ಚಿಗುರೆದ್ದು, ಕಡಿದು ಬಿಟ್ಟ ಒಣಕಡ್ಡಿಯ ಮೇಲೆಯೇ ಹಬ್ಬಿ, ಉರುವಲು ಮೊದಲಿಗಿಂತ ಹೆಚ್ಚಾಯಿತು. ಆಮೇಲೆ ದೆಹಲಿ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಸಿ.ಆರ್. ಬಾಬು ಅವರ ವಿಧಾನ ಹಿಡಿದೆ: ಲಂಟಾನದ ಬುಡವನ್ನು ಮಣ್ಣಿನಿಂದ ಎರಡಂಗುಲ ಕೆಳಗೆ ಪಿಕಾಸಿಯಿಂದ ಕತ್ತರಿಸಿ, ಇಡೀ ಮಟ್ಟಿಯನ್ನು ಬೇರು ಮೇಲಾಗಿ ಮಗುಚುವುದು. ಚಿಗುರುವುದು ಕಾಂಡ ಮತ್ತು ಬೇರು ಕೂಡುವ ಆ ಗಂಟಿನಿಂದಲೇ ಆದ್ದರಿಂದ ಬೇರನ್ನೆಲ್ಲ ಅಗೆಯುವ ದಂಡ ತಪ್ಪಿತು.

ಆದರೆ ಬೆಂಕಿ ಓಡುವುದು ದರಕಿನ, ಎಂದರೆ ಉದುರಿದ ಒಣ ಎಲೆಯ ಮೇಲೆ. ಅಕೇಶಿಯಾ ಎಲೆ ಬೇಗ ಕರಗದೆ, ಫೆಬ್ರವರಿಯ ಹೊತ್ತಿಗೆ ಪಾದ ಮುಳುಗುವಷ್ಟು ಕೂಡಿರುತ್ತದೆ. ಬೆಂಕಿ ರೇಖೆಯನ್ನು, ಎಂದರೆ ಬೆಂಕಿ ದಾಟದಂತೆ ದರಕು ತೆಗೆದ ಪಟ್ಟಿಯನ್ನು, ಬೆಟ್ಟದ ನೆತ್ತಿಯಲ್ಲಿ ಮಾಡುವುದು ನಮ್ಮಲ್ಲಿನ ರೂಢಿ. ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಬೇಗ ಓಡುವುದರಿಂದ ನಾನು ರಸ್ತೆಯ ಮಗ್ಗುಲಲ್ಲಿ, ಕೊಳ್ಳದ ಬುಡದಲ್ಲಿ, ಸುಮಾರು ಮೂವತ್ತು ಅಡಿ ಅಗಲದ ಪಟ್ಟಿಯನ್ನು ಗುಡಿಸಿಸಿದೆ. ಮಣ್ಣು ಕೊಚ್ಚಿಹೋಗುತ್ತದೆ ಎಂದು ಹೆದರಿಸಿದವರಿದ್ದರು. ಆದರೆ ಮೇಲಿನ ಇಳಿಜಾರಿನ ದರಕನ್ನು ನಾನು ಮುಟ್ಟಿಯೇ ಇಲ್ಲ. ಬೆಟ್ಟದ ಹಕ್ಕು ತೋಟದ ಬಳಕೆಗೆ ಮಾತ್ರವಿರುವುದರಿಂದ ದರಕನ್ನು ಮಾರುವ ಮಾತಿಲ್ಲ. ಗುಡಿಸಿದ್ದು ಕಲ್ಲಿಗಟ್ಟಲೆ (ಕಲ್ಲಿ ಎಂದರೆ ದರಕು ಹೊರುವ ಹಗ್ಗದ ಬಲೆ) ಅಡಿಕೆ ಮರದ ಬುಡಕ್ಕೆ ಮುಚ್ಚಿಗೆಯಾಗಿ ಹೋದದ್ದರಿಂದ ಕಳೆ ತೆಗೆಸುವ ಒಂದು ಸುತ್ತು ಉಳಿಯಿತು; ಆಳಿಗೆ ಐನೂರರ ಲೆಕ್ಕದಲ್ಲಿ ಅದೇ ಹದಿನೈದು ಸಾವಿರದ ಆಸುಪಾಸು.

ನಡುವೆ ಲಂಟಾನದ ದಪ್ಪ ಕಡ್ಡಿಗಳನ್ನು ಗುಂಡಿಯಲ್ಲಿ ಸುಟ್ಟು, ನೀರು ಹೊಯ್ದು ಇದ್ದಿಲು ಮಾಡಿ ಗೊಬ್ಬರದ ಗುಂಡಿಗೆ ಸೇರಿಸಿದ್ದೂ ಉಂಟು. ವಾಸನೆ ತಗ್ಗಿತು, ಕಾಳುಮೆಣಸಿನ ಬಳ್ಳಿಗೆ ಅದರಿಂದ ಲಾಭವಾಯಿತೆಂದು ನನಗನ್ನಿಸಲಿಲ್ಲ.

ಕಳೆದ ಮಾರ್ಚಿನಲ್ಲಿ ರಸ್ತೆಯಂಚಿನಿಂದೆದ್ದ ಬೆಂಕಿ ಆ ಪಟ್ಟಿಗೆ ಬಂದು ಮೊಣಕಾಲೆತ್ತರಕ್ಕೂ ಏಳದೆ ಹೋಯಿತು. ನಾಲ್ವರು ಹಸಿ ಟೊಂಗೆಯಿಂದ ಬಡಿದು ನಂದಿಸಿದೆವು. ಸಂಶಯಪಟ್ಟವರಲ್ಲಿ ಇಬ್ಬರು ಈ ವರ್ಷ ತಮ್ಮ ಬೆಟ್ಟಕ್ಕೂ ಕರೆದಿದ್ದಾರೆ. ಲಂಟಾನದ ಹಣ್ಣು ತಿಂದು ಬೀಜ ಉದುರಿಸುವ ಪಿಕಳಾರ ಹಕ್ಕಿಗಳು ಕೂರುವ ಮರಗಳ ಕೆಳಗೆ ಲಂಟಾನದ ಸಸಿ ಮತ್ತೆ ಹುಟ್ಟುತ್ತಲೇ ಇರುತ್ತದೆ. ಜೂನಿನ ಹಸಿಮಣ್ಣಿನಲ್ಲಿ ಅವನ್ನು ಕೈಯಿಂದ ಕೀಳಲು ಇಬ್ಬರು ಆಳು ಸಾಕು.