ಮಾವಿನ ಗಿಡದ ನೆತ್ತಿ: ಉಂಗುರದ ಕೆಳಗೆ ಕತ್ತರಿಸಿ, ಮೇಲಲ್ಲ

ಶ್ರೀನಿವಾಸಪುರದ ಕಡೆಯ ಹಳೇ ಮಾವಿನ ತೋಪುಗಳನ್ನು ನೋಡಿದ್ದೀರಲ್ಲ? ಮರ ಮುಗಿಲಿಗೆ, ಕಾಯಿ ತುದಿಗೆ, ಕೀಳುವವನು ಜೀವ ಕೈಯಲ್ಲಿ ಹಿಡಿದು ಕೊಂಬೆ ಮೇಲೆ. ಗಿಡ ಸೊಂಟದೆತ್ತರ ಇದ್ದಾಗ ಯಾರೂ ಅದರ ನೆತ್ತಿ ಮುಟ್ಟಲಿಲ್ಲ, ಅಷ್ಟೇ. "ಚೆನ್ನಾಗಿ ಬರ್ತಿದೆ, ಕತ್ತರಿಸೋಕೆ ಮನಸ್ಸೇ ಬರಲ್ಲ" ಅನ್ನುತ್ತಾರೆ.

ಮೊದಲು ಸುಲಭದ್ದು. ಕಸಿ ಗಂಟಿನ ಕೆಳಗೆ ಚಿಗುರು ಕಂಡರೆ ಆಗಲೇ ಚಿವುಟಿ. ಅದು ವಾಟೆಯಿಂದ ಬಂದ ನಾಟಿ ಗಿಡದ ಚಿಗುರು, ನೀವು ದುಡ್ಡು ಕೊಟ್ಟು ತಂದ ಬಾದಾಮಿ ಮಾವು ಅಲ್ಲ.

ಗಿಡ 3 ಅಡಿ ಆಗಿ ಕಾಂಡ ಬಲಿತ ಮೇಲೆ, ನೆಲದಿಂದ 2ರಿಂದ 2.5 ಅಡಿ ಎತ್ತರದಲ್ಲಿ ನೆತ್ತಿ ಕತ್ತರಿಸಬೇಕು. ಎಲ್ಲರೂ ಎಡವುವುದು ಇಲ್ಲೇ. ಮಾವು ಒಂದೇ ಸಮನೆ ಬೆಳೆಯುವುದಿಲ್ಲ, ಒಂದಷ್ಟು ಚಿಗುರಿ ನಿಲ್ಲುತ್ತದೆ, ಆಮೇಲೆ ಮತ್ತೆ ಹೊರಡುತ್ತದೆ. ನಿಂತ ಜಾಗದಲ್ಲಿ ಎಲೆಗಳು ಒತ್ತೊತ್ತಾಗಿರುತ್ತವೆ, ಬೆರಳಾಡಿಸಿದರೆ ಬಳೆ ತೊಡಿಸಿದ ಹಾಗೆ ಉಂಗುರ ಸಿಗುತ್ತದೆ. ಆ ಉಂಗುರದ ಮೇಲ್ಗಡೆ ಕತ್ತರಿಸಿದರೆ ಒಂದೇ ಕಡೆಯಿಂದ ಆರೇಳು ಚಿಗುರು ಪೊರಕೆ ಹಾಗೆ ಏಳುತ್ತವೆ. ನನ್ನ ಮಲ್ಲಿಕಾ ತಳಿಯ ಮಾವಿನ ಗಿಡಕ್ಕೆ ನಾನು ಮಾಡಿದ್ದು ಇದನ್ನೇ. ಐದನೇ ವರ್ಷ ಕಾಯಿ ತುಂಬಿದಾಗ ಗಾಳಿಗೆ ಸರಿಯಾಗಿ ಅದೇ ಜಾಗದಲ್ಲಿ ಸೀಳಿಹೋಯಿತು. ಉಂಗುರದಿಂದ ಒಂದು ಬೆರಳಗಲ ಕೆಳಗೆ ಕತ್ತರಿಸಿ. ಚಿಗುರು ಕಡಿಮೆ ಬರುತ್ತವೆ, ಆದರೆ ಮೇಲೊಂದು ಕೆಳಗೊಂದು, ದಿಕ್ಕಿಗೊಂದು ಬರುತ್ತವೆ. ಸೊನೆ ಕಣ್ಣಿಗೆ ಸಿಡಿಯದ ಹಾಗೆ ನೋಡಿಕೊಳ್ಳಿ. ಕತ್ತರಿ ಹರಿತವಾಗಿರಲಿ, ಸಂತೆಯಲ್ಲಿ ಸಿಗುವ ಅಗ್ಗದ ಕತ್ತರಿ ಕತ್ತರಿಸುವುದಿಲ್ಲ, ತೊಗಟೆ ಜಜ್ಜುತ್ತದೆ.

ಬಂದ ಚಿಗುರಲ್ಲಿ ಮೂರು ಉಳಿಸಿ, ಜಾಸ್ತಿ ಅಂದರೆ ನಾಲ್ಕು. ಉಳಿದದ್ದು ತೆಗೆಯಿರಿ, ಕನಿಕರ ಬೇಡ. ಕಾಂಡಕ್ಕೆ ಅಂಟಿಕೊಂಡು ನೆಟ್ಟಗೆ ಏಳುವ ಕೊಂಬೆಯನ್ನು ಸೆಣಬಿನ ಹುರಿಯಿಂದ ಹೊರಗೆಳೆದು ಗೂಟಕ್ಕೆ ಕಟ್ಟಿ. ಬೈಂಡಿಂಗ್ ವೈರ್ ಮಾತ್ರ ಬೇಡ, ಕೊಂಬೆ ದಪ್ಪವಾದ ಹಾಗೆ ತೊಗಟೆಯೊಳಗೇ ಇಳಿಯುತ್ತದೆ.

ಕೊಂಬೆಗಳು ಒಂದೂವರೆ, ಎರಡಡಿ ಆದಾಗ ಮತ್ತೆ ಇದೇ ಕೆಲಸ, ಮತ್ತೆ ಉಂಗುರದ ಕೆಳಗೇ. ಮೊದಲ ಮೂರು ವರ್ಷ ಹೂ ಬಂದರೆ ಕಿತ್ತುಹಾಕಿ. ಫಸಲು ಕೊಡುವ ಮರವನ್ನು ಕೊಯ್ಲು ಮುಗಿದ ಕೂಡಲೇ ಸವರಿ. ದೀಪಾವಳಿವರೆಗೆ ಕಾದು ಕತ್ತರಿ ಹಿಡಿದರೆ ಆ ವರ್ಷದ ಹೂ ಕತ್ತರಿಸಿದ ಹಾಗೆ.

ಗಾಯಕ್ಕೆ ಕೆಲವರು ಸಗಣಿ ಮೆತ್ತುತ್ತಾರೆ, ನನಗೆ ಹಿಡಿಸಲ್ಲ. ಬೂಷ್ಟು ರೋಗ ತಡೆಯುವ ಬೋರ್ಡೋ ಪೇಸ್ಟ್ ಹಚ್ಚಿ. 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಲ್ಲಿ ಬೇರೆ ಬೇರೆ ಕರಗಿಸಿ, ಆಮೇಲೆ ಬೆರೆಸಿ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ಗಾಳಿಗೆ ಪುಡಿಯಾದ ಹಳೇ ಸುಣ್ಣ ತರಬೇಡಿ. ಬೆರೆಸಿದ ಮೇಲೆ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಇನ್ನೂ ಬೇಕು, ಹಾಗೇ ಹಚ್ಚಿದರೆ ಗಿಡ ಸುಡುತ್ತದೆ.